ರಾತ್ರಿ ಮಾತ್ರ ನೀರು ಕುಡಿಯೋ ಹಲ್: ಹಳೇ ಹೋಬಿ 16 ಮೂರಿಂಗ್‌ನಲ್ಲಿ ಒಂದು ಕಡೆ ವಾಲ್ತಿದ್ರೆ ಎಲ್ಲಿಂದ ಹುಡುಕ್ಬೇಕು

ಮೊದ್ಲು ಲಕ್ಷಣ ಹೇಳ್ಬಿಡ್ತೀನಿ, ನಿಮ್ಮ ಬೋಟ್‌ಗೂ ಇದೇ ಆಗ್ತಿದ್ಯಾ ಅಂತ ಹೋಲಿಸ್ಕೊಳ್ಳಿ. ಹೋಬಿ 16 ಅಂದ್ರೆ ಹಾಯಿ ಕಟ್ಟಿ ಓಡಿಸೋ ಜೋಡಿ ಒಡಲಿನ ದೋಣಿ, ಆ ಟೊಳ್ಳು ಒಡಲಿಗೇ ಹಲ್ ಅನ್ನೋದು, ಮೂರಿಂಗ್ ಅಂದ್ರೆ ನೀರಲ್ಲಿ ತೇಲೋ ಬೂಯಿಗೆ ದೋಣಿ ಕಟ್ಟಿ ನಿಲ್ಲಿಸೋದು. ಶನಿವಾರ ಸಂಜೆ ಬೂಯಿಗೆ ಕಟ್ಟಿ ದಡಕ್ಕೆ ಬಂದಾಗ ಎರಡೂ ಹಲ್ ಸಮವಾಗಿ ತೇಲ್ತಿರತ್ತೆ, ಮಾಸ್ಟ್ (ಹಾಯಿ ಕಂಬ) ನೆಟ್ಟಗಿರತ್ತೆ. ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಹೊರಗೆ ಬಂದು ನೋಡಿದ್ರೆ ಎಡಗಡೆ ಹಲ್‌ನ ಹಿಂಭಾಗ ನೀರಲ್ಲಿ ಕೂತಿದೆ, ಮಾಸ್ಟ್ ಎಡಕ್ಕೆ ವಾಲಿದೆ. ರಾತ್ರಿ ಗಾಳಿ ಇರ್ಲಿಲ್ಲ, ಮಳೆ ಬಂದಿರ್ಲಿಲ್ಲ, ಅಲೆ ಅಂತೂ ಇಲ್ವೇ ಇಲ್ಲ. ದಡಕ್ಕೆ ಎಳೆದು ಹಿಂದಿನ ಡ್ರೈನ್ ಪ್ಲಗ್ (ನೀರು ಹೊರಬಿಡೋ ಬಿರಡೆ) ಬಿಚ್ಚಿದ್ರೆ ಬಕೆಟ್ ಅರ್ಧ ತುಂಬೋಷ್ಟು ನೀರು. ಆದ್ರೆ ಅದೇ ಬೋಟ್ ತಗೊಂಡು ಮಧ್ಯಾಹ್ನ ಒಂದು ಗಂಟೆ ಜೋರಾಗಿ ಸೇಲ್ (ಹಾಯಿ) ಹಾಕಿ ಓಡಿಸ್ಕೊಂಡು ಬಂದ್ರೆ ಒಂದು ಲೋಟ ನೀರು ಬಂದ್ರೆ ಹೆಚ್ಚು.

ಮಿಶಿಗನ್‌ನ ಹೌಟನ್ ಲೇಕ್ ದಡದಲ್ಲಿ ಮನೆ ತಗೊಂಡಾಗ ಶೆಡ್ ಪಕ್ಕದಲ್ಲಿ ಹುಲ್ಲೊಳಗೆ ಈ ಬೋಟ್ ಬಿದ್ದಿತ್ತು, ಹಳೇ ಹೋಬಿ 16, 1980ರ ದಶಕದ ಮೊದಲ ಭಾಗದ್ದು, ಮನೆ ಜೊತೆಗೇ ಬಂತು. ಡೆಟ್ರಾಯಿಟ್ ಕಡೆಯಿಂದ ಮೂರು ಗಂಟೆ ಡ್ರೈವ್, ವೀಕೆಂಡ್ ಮಾತ್ರ ಹೋಗೋದು, ಹಾಗಾಗಿ ರಿಪೇರಿಗೆ ಎರಡು ಬೇಸಿಗೆ ಹಿಡೀತು. ಈ ಬೋಟ್ ಬಗ್ಗೆ ಗೊತ್ತಿಲ್ದೇ ಇರೋರಿಗೆ: ಕ್ಯಾಲಿಫೋರ್ನಿಯಾದಲ್ಲಿ ಸರ್ಫ್‌ಬೋರ್ಡ್ ಮಾಡ್ತಿದ್ದ ಹೋಬಿ ಆಲ್ಟರ್ 1968ರಲ್ಲಿ ಹೋಬಿ 14 ತಂದ್ರು, ಅದರ ಹಿಂದೇನೇ ಬಂದ ದೊಡ್ಡ ಮಾಡೆಲ್ ಇದು. ಉದ್ದ 5.05 ಮೀಟರ್, ಅಗಲ 2.41 ಮೀಟರ್, ತೂಕ ಬರೀ 145 ಕೆ.ಜಿ., ಮಾಸ್ಟ್ ಮಾತ್ರ 8 ಮೀಟರ್ ಎತ್ತರ. ಹಲ್‌ಗಳು ಬಾಳೆಹಣ್ಣಿನ ಥರ ಬಾಗಿರತ್ತೆ, ಒಳಮೈ ಹೊರಮೈ ಒಂದೇ ಆಕಾರ ಇರಲ್ಲ, ಅದಕ್ಕೇ ಇದಕ್ಕೆ ಕೆಳಗಡೆ ಡ್ಯಾಗರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದ ಹಾಗೆ ನೀರೊಳಗೆ ಇಳಿಸೋ ಹಲಗೆ) ಬೇಕಾಗಲ್ಲ, ನೇರ ಮರಳಿನ ಮೇಲೆ ಓಡಿಸ್ಕೊಂಡು ಬಂದು ನಿಲ್ಲಿಸ್ಬಹುದು. ಲಕ್ಷಕ್ಕೂ ಮೀರಿ ಮಾಡಿದ್ದಾರೆ, ಹಾಗಾಗಿ ಅಮೆರಿಕದಲ್ಲಿ ಯಾವ ಕೆರೆ ದಡಕ್ಕೆ ಹೋದ್ರೂ ಒಂದಾದ್ರೂ ಹುಲ್ಲಲ್ಲಿ ಬಿದ್ದಿರತ್ತೆ. ಇಂಥ ಎರಡು ಹಲ್ ದೋಣಿಗೆ ಹೇಳೋ ಕ್ಯಾಟಮರಾನ್ ಅನ್ನೋ ಪದ ತಮಿಳಿನ ಕಟ್ಟುಮರಂನಿಂದ ಇಂಗ್ಲಿಷಿಗೆ ಹೋಗಿದ್ದು, ಕಟ್ಟು ಮತ್ತು ಮರ, ನಮಗೂ ಅರ್ಥ ಹೇಳ್ಕೊಡೋದೇ ಬೇಡ. ಮಕ್ಕಳಿಗೆ ಇದನ್ನ ಹೇಳಿದಾಗಿಂದ ಮನೇಲಿ ಇದರ ಹೆಸರು ಕಟ್ಟುಮರ ಅಂತಾನೇ ಆಗಿದೆ.

ಈಗ ವಿಷಯಕ್ಕೆ ಬರ್ತೀನಿ. ಹಲ್‌ಗೆ ನೀರು ಬರತ್ತೆ ಅಂದ ತಕ್ಷಣ ಯಾರನ್ನ ಕೇಳಿದ್ರೂ ಹೇಳೋದು ಒಂದೇ, ಸೀಲಂಟ್ (ಸಂದಿ ಮುಚ್ಚೋ ಅಂಟು) ಹಚ್ಚು. ಡೆಕ್ (ಹಲ್‌ನ ಮೇಲ್ಮೈ) ಅಂಚಿಗೆ ಹಚ್ಚು, ಸ್ಕ್ರೂಗಳಿಗೆ ಹಚ್ಚು, ಕಂಡ ಕಂಡ ತೂತಿಗೆಲ್ಲಾ ಹಚ್ಚು. ದಯವಿಟ್ಟು ಹಾಗೆ ಮಾಡ್ಬೇಡಿ. ನನ್ನ ಬೋಟಿನ ನಿಜವಾದ ಕಾಯಿಲೆ ಶುರುವಾಗಿದ್ದೇ ಹಾಗೆ ಯಾರೋ ಹಚ್ಚಿದ ಸೀಲಂಟ್‌ನಿಂದ. ಎಲ್ಲಿಂದ ಬರ್ತಿದೆ ಅಂತ ಹುಡುಕೋಕೂ ಮುಂಚೆ ಯಾವಾಗ ಬರ್ತಿದೆ ಅಂತ ನೋಡಿ, ಅಷ್ಟು ಮಾಡಿದ್ರೆ ಅರ್ಧ ಕೆಲಸ ಅಲ್ಲೇ ಮುಗಿಯತ್ತೆ.

ವಾಲಿರೋ ಬೋಟನ್ನ ಮೊದ್ಲು ದಡಕ್ಕೆ ತರೋದು

ಬೋಟ್ ವಾಲಿದೆ ಅಂತ ಗಾಬರಿಯಿಂದ ಈಜಿ ಹೋಗಿ ಟ್ರ್ಯಾಂಪೊಲಿನ್ (ಎರಡು ಹಲ್ ಮಧ್ಯೆ ಬಿಗಿದಿರೋ, ಕೂರೋ ಬಟ್ಟೆ) ಮೇಲೆ ಹತ್ಬೇಡಿ, ಅದರಲ್ಲೂ ನೀರು ತುಂಬಿದ ಕಡೆಯಿಂದ ಬೇಡವೇ ಬೇಡ. ಒಂದು ಲೀಟರ್ ನೀರು ಅಂದ್ರೆ ಒಂದು ಕೆ.ಜಿ., 40 ಲೀಟರ್ ಒಳಗಿದ್ರೆ 40 ಕೆ.ಜಿ. ಭಾರ ಒಂದೇ ಕಡೆ ಅಲ್ಲಾಡ್ತಿದೆ, ಅದು ಹಿಂದಕ್ಕೂ ಮುಂದಕ್ಕೂ ಓಡಾಡೋ ಭಾರ, ನೀವು ಹತ್ತಿದ ಕಡೆಗೇ ನುಗ್ಗಿ ಬರತ್ತೆ. ನಿಧಾನ ಎಳ್ಕೊಂಡು ದಡಕ್ಕೆ ತನ್ನಿ. ಮೂತಿ ಸ್ವಲ್ಪ ಎತ್ತರ ಆಗೋ ಹಾಗೆ ನಿಲ್ಲಿಸಿ ಹಿಂದಿನ ಪ್ಲಗ್ ಬಿಚ್ಚಿ. ನೀರು ತುಂಬಿರೋ ಹಲ್‌ನ ಮಧ್ಯಕ್ಕೆ ಒಂದೇ ಒಂದು ಆಸರೆ ಕೊಟ್ಟು ಟ್ರೇಲರ್ ಮೇಲೆ ಎತ್ತಬಾರ್ದು, ಹಳೇ ಫೈಬರ್‌ಗ್ಲಾಸ್ ಆ ಭಾರಕ್ಕೆ ಅಲ್ಲೇ ಬಿರುಕು ಬಿಡಬಹುದು.

ಬಕೆಟ್ ಇಟ್ಟು ಅಳೀರಿ. ಇದು ತುಂಬಾ ಮುಖ್ಯ. ತುಂಬಾ ಬಂತು, ಸ್ವಲ್ಪ ಬಂತು ಅನ್ನೋ ಲೆಕ್ಕದಲ್ಲಿ ಏನೂ ಗೊತ್ತಾಗಲ್ಲ. ನಾನು ಹಾಲಿನ ಗ್ಯಾಲನ್ ಕ್ಯಾನ್ ಇಟ್ಕೊಂಡು ಅಳೆದು ಶೆಡ್ ಬಾಗಿಲ ಒಳಗಡೆ ಪೆನ್ಸಿಲ್‌ನಲ್ಲಿ ಬರೀತಿದ್ದೆ, ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಡ ಎಷ್ಟು, ಬಲ ಎಷ್ಟು.

ಯಾವಾಗ ಬರ್ತಿದೆ ಅನ್ನೋದಕ್ಕೆ ನಾಕು ಪರೀಕ್ಷೆ

ಒಂದನೇದು ದಡದಲ್ಲೇ. ಪ್ಲಗ್ ಹಾಕಿ ಬೋಟನ್ನ ಹುಲ್ಲಿನ ಮೇಲೆ ಬಿಟ್ಟು, ಗಾರ್ಡನ್ ಪೈಪಿನಿಂದ ಡೆಕ್ ಮೇಲೆ ಇಪ್ಪತ್ತು ನಿಮಿಷ ನೀರು ಬಿಡಿ, ಆಮೇಲೆ ಪ್ಲಗ್ ತೆಗೆದು ನೋಡಿ. ನೀರು ಬಂದ್ರೆ ನಿಮ್ಮ ತೂತು ಮೇಲ್ಗಡೆ ಇದೆ ಅಂತ ಅರ್ಥ, ಅಂದ್ರೆ ಡೆಕ್ ಮತ್ತು ಹಲ್ ಸೇರೋ ಅಂಚು, ಇನ್ಸ್‌ಪೆಕ್ಷನ್ ಪೋರ್ಟ್ (ಒಳಗೆ ನೋಡೋ ಕಿಂಡಿ) ಮುಚ್ಚಳ, ಶ್ರೌಡ್ (ಮಾಸ್ಟನ್ನ ಪಕ್ಕದಿಂದ ಹಿಡಿದಿರೋ ತಂತಿ) ಹಿಡ್ಕೊಳ್ಳೋ ಚೈನ್‌ಪ್ಲೇಟ್ ಪಟ್ಟಿ, ಪೈಲಾನ್ (ಟ್ರ್ಯಾಂಪೊಲಿನ್ ಚೌಕಟ್ಟನ್ನ ಹಲ್ ಮೇಲೆ ಹೊತ್ತಿರೋ ಗೂಟ) ಬುಡ, ಇಷ್ಟರಲ್ಲಿ ಒಂದು. ನಂದು ಒಣಗಿತ್ತು.

ಎರಡನೇದು ಸೇಲಿಂಗ್. ಒಂದು ಗಂಟೆ ಜೋರು ಗಾಳಿಯಲ್ಲಿ ಓಡಿಸಿ ಬಂದು ತಕ್ಷಣ ಅಳೀರಿ. ಇಲ್ಲಿ ಮಾತ್ರ ಜಾಸ್ತಿ ಬಂದ್ರೆ ಹಲ್ ತಿರುಚಿದಾಗ ಬಾಯಿ ಬಿಡೋ ಬಿರುಕು ಇದೆ ಅಂತ, ಪೈಲಾನ್ ಸುತ್ತ, ಡೆಕ್ ಅಂಚು, ಅಥವಾ ಮರಳಿನ ಮೇಲೆ ಎಳೆದೂ ಎಳೆದೂ ಸವೆದಿರೋ ತಳ. ನಂದು ಒಂದು ಲೋಟ.

ಮೂರನೇದು ಹಗಲು ಮೂರಿಂಗ್. ಬೆಳಿಗ್ಗೆ ಖಾಲಿ ಮಾಡಿ ಹತ್ತು ಗಂಟೆಗೆ ಕಟ್ಟಿ ಸಂಜೆ ಆರಕ್ಕೆ ತೆಗೆದು ನೋಡಿ. ನಾಕನೇದು ರಾತ್ರಿ ಮೂರಿಂಗ್, ಸಂಜೆ ಎಂಟರಿಂದ ಬೆಳಿಗ್ಗೆ ಆರರವರೆಗೆ, ಗಾಳಿ ಇಲ್ಲದ ರಾತ್ರಿನೇ ಆಗ್ಬೇಕು.

ನಂಗೆ ತಲೆ ಕೆಟ್ಟಿದ್ದು ಇಲ್ಲಿ. ಹಗಲು ಎಂಟು ಗಂಟೆಗೆ ಎಡ ಹಲ್‌ನಲ್ಲಿ ಒಂದು ಲೋಟವೂ ಇಲ್ಲ, ರಾತ್ರಿ ಹತ್ತು ಗಂಟೆಗೆ ಆರು ಲೀಟರ್ ಮೇಲೆ. ಬಲ ಹಲ್ ಎರಡೂ ಹೊತ್ತಲ್ಲೂ ಹೆಚ್ಚು ಕಮ್ಮಿ ಒಣಗಿದೆ. ಅದೇ ತೂತು, ಅದೇ ಕೆರೆ, ಹಗಲು ಸ್ಪೀಡ್‌ಬೋಟ್‌ಗಳು ಎಬ್ಬಿಸೋ ಅಲೆ ಬೇರೆ ಇರತ್ತೆ, ಆದ್ರೂ ನೀರು ಬರೋದು ಕನ್ನಡಿ ಥರ ನೀರು ನಿಂತಿರೋ ರಾತ್ರಿ. ಎರಡು ವೀಕೆಂಡ್ ಮತ್ತೆ ಮತ್ತೆ ಅಳೆದೆ, ಲೆಕ್ಕ ಬದಲಾಗ್ಲಿಲ್ಲ.

ಸುಳಿವು ಸಿಕ್ಕಿದ್ದು ಮಗಳಿಂದ. ಅವಳು ಮಧ್ಯಾಹ್ನ ಬೋಟ್ ಹತ್ರ ಈಜಾಡ್ತಿದ್ದವಳು, ಅಪ್ಪಾ ಇಲ್ಲಿ ಗುಳ್ಳೆ ಬರ್ತಿದೆ ನೋಡು ಅಂದ್ಳು. ಎಡ ಹಲ್‌ನ ಹಿಂದೆ, ಪ್ಲಗ್ ಇರೋ ಜಾಗದಿಂದ ಸಣ್ಣ ಸಣ್ಣ ಗುಳ್ಳೆ, ಕುದಿಯೋಕೆ ಶುರುವಾದ ನೀರಿನ ಥರ ಒಂದೊಂದೇ ಮೇಲೆ ಬರ್ತಿತ್ತು. ಬೆಳಿಗ್ಗೆ ಪೂರ್ತಿ ಖಾಲಿ ಮಾಡಿ ಇಳಿಸಿದ್ದ ದಿನ ಅದು. ಹಗಲು ಗಾಳಿ ಹೊರಗೆ ಹೋಗ್ತಿದೆ ಅಂದ್ರೆ ರಾತ್ರಿ ಅದೇ ದಾರೀಲಿ ಏನೋ ಒಳಗೆ ಬರ್ಲೇಬೇಕು, ಅಷ್ಟು ಹೊಳೆದ ಮೇಲೆ ಉಳಿದಿದ್ದೆಲ್ಲಾ ಸರಸರ ಬಿಚ್ಕೊಂಡು ಬಂತು.

ಬಿಸಿ ಸಾರಿನ ಡಬ್ಬಿ

ಬಿಸಿ ಸಾರು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಾಗಿ ಒತ್ತಿಬಿಟ್ರೆ ತಣ್ಣಗಾದ ಮೇಲೆ ಆ ಮುಚ್ಚಳ ತೆಗೆಯೋಕೆ ಮನೆಮಂದಿಯೆಲ್ಲಾ ಬೇಕು, ಅಲ್ವಾ. ಒಳಗಿನ ಗಾಳಿ ಕುಗ್ಗಿ ಮುಚ್ಚಳವನ್ನ ಎಳ್ಕೊಂಡಿರತ್ತೆ. ಹಲ್ ಕೂಡ ಅಂಥದ್ದೇ ಮುಚ್ಚಿದ ಡಬ್ಬಿ. ಒಂದು ಹಲ್ ಮೇಲೆತ್ತಿ ಓಡಿಸುವಾಗ ಕೆಳಗಿರೋ ಇನ್ನೊಂದು ಹಲ್ ಬೋಟಿನ 145 ಕೆ.ಜಿ. ಜೊತೆಗೆ ಇಬ್ಬರು ಆಳನ್ನ ಹೊತ್ತು ತೇಲತ್ತೆ, ಅಂದ್ರೆ ಒಂದೊಂದು ಹಲ್‌ನೊಳಗೆ ಕಮ್ಮಿ ಅಂದ್ರೂ 300 ಲೀಟರ್ ಜಾಗ ಇದೆ. ಜುಲೈ ಬಿಸಿಲಲ್ಲಿ ಆ ಗಾಳಿ 38 ಡಿಗ್ರಿ ಆಗಿ ರಾತ್ರಿ ಕೆರೆ ನೀರಿನ ಜೊತೆ 22ಕ್ಕೆ ಇಳೀತು ಅಂತ ಇಟ್ಕೊಳ್ಳಿ, ನೂರಕ್ಕೆ 5 ಪಾಲು ಕುಗ್ಗತ್ತೆ, 300 ಲೀಟರ್‌ಗೆ 15 ಲೀಟರ್. ಆ ಜಾಗ ತುಂಬೋಕೆ ಎಲ್ಲಿ ಸಂದಿ ಸಿಕ್ರೂ ಅಲ್ಲಿಂದ ಏನೋ ಒಂದು ಒಳಗೆ ಬರ್ಬೇಕು. ಸಂದಿ ನೀರಿನ ಮೇಲಿದ್ರೆ ಗಾಳಿ ಬರತ್ತೆ, ಕೆಳಗಿದ್ರೆ ನೀರು ಬರತ್ತೆ.

ಇದರ ಜೋರು ಎಷ್ಟು ಅಂತಾನೂ ನೋಡಿ. ಪ್ಲಗ್ ನೀರಿನ ಮಟ್ಟದಿಂದ ಹತ್ತು ಸೆಂಟಿಮೀಟರ್ ಕೆಳಗಿದ್ರೆ ಕೆರೆ ನೀರು ತಳ್ಳೋದು ಆ ಹತ್ತು ಸೆಂಟಿಮೀಟರ್ ಒತ್ತಡ ಅಷ್ಟೇ. ಒಳಗಿನ ಗಾಳಿ ನೂರಕ್ಕೆ 5ರಷ್ಟು ಕುಗ್ಗಿದಾಗ ಎಳೆಯೋದು ಹೆಚ್ಚು ಅಂದ್ರೆ ಅರ್ಧ ಮೀಟರ್ ನೀರಿನ ಒತ್ತಡದಷ್ಟು, ಐದು ಪಟ್ಟು. ಸೇಲಿಂಗ್‌ನಲ್ಲಿ ಲೋಟ ಬರೋ ಸಂದಿಯಿಂದ ರಾತ್ರಿ ಲೀಟರ್‌ಗಟ್ಟಲೆ ಬರೋದು ಯಾಕೆ ಅಂತ ಆಗ ಅರ್ಥ ಆಯ್ತು. ಇನ್ನೊಂದು, ಮೊದಲ ಒಂದೆರಡು ಲೀಟರ್ ಒಳಗೆ ಬಂದ ಮೇಲೆ ಅದು ಹಿಂದಕ್ಕೆ ಹರಿದು ಹಿಂಭಾಗ ಇನ್ನೂ ಮುಳುಗತ್ತೆ, ಪ್ಲಗ್ ಇನ್ನೂ ಆಳಕ್ಕೆ ಹೋಗತ್ತೆ, ಅಲ್ಲಿಂದ ಮುಂದೆ ವೇಗ ಜಾಸ್ತಿ. ಬೋಟನ್ನ ಎರಡು ಮೂರು ದಿನ ಹಾಗೇ ಬಿಟ್ಟಿದ್ರೆ ಮಧ್ಯಾಹ್ನದ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಸ್ವಲ್ಪ ನೀರನ್ನ ಅದೇ ಸಂದಿಯಿಂದ ವಾಪಸ್ ಹೊರಗೆ ತಳ್ಳತ್ತೆ, ಹಾಗಾಗಿ ಮಧ್ಯಾಹ್ನ ನೋಡಿದವರಿಗೆ ಕಮ್ಮಿ, ಬೆಳಿಗ್ಗೆ ನೋಡಿದವರಿಗೆ ಜಾಸ್ತಿ ಕಾಣತ್ತೆ, ಇಬ್ಬರೂ ಜಗಳ ಆಡ್ಬೇಕು ಅಷ್ಟೇ.

ಇದು ಬರೀ ಊಹೆ ಆಗ್ಬಾರ್ದು ಅಂತ ಒಂದು ಪರೀಕ್ಷೆ ಮಾಡಿದೆ, ನೀವೂ ಮಾಡಿ. ಹಳೇ ಮಾಲೀಕರು ಎರಡೂ ಡೆಕ್ ಮೇಲೆ ಒಂದೊಂದು ದುಂಡು ಇನ್ಸ್‌ಪೆಕ್ಷನ್ ಪೋರ್ಟ್ ಕೂರಿಸಿದ್ರು. ಮಳೆ ಗಾಳಿ ಎರಡೂ ಇಲ್ಲ ಅಂತ ಹವಾಮಾನ ನೋಡ್ಕೊಂಡು, ಎಡಗಡೆ ಪೋರ್ಟ್ ಮುಚ್ಚಳವನ್ನ ಒಂದು ಸುತ್ತು ಸಡಿಲ ಮಾಡಿ ಬಿಟ್ಟೆ, ಗಾಳಿ ಓಡಾಡೋಷ್ಟು. ಬೇರೆ ಏನೂ ಮುಟ್ಟಲಿಲ್ಲ. ಬೆಳಿಗ್ಗೆ ಅಳೆದ್ರೆ ಮುಕ್ಕಾಲು ಲೀಟರ್. ಆರರಿಂದ ಮುಕ್ಕಾಲಿಗೆ. ಆ ಮುಕ್ಕಾಲು ಲೀಟರ್ ನಿಜವಾದ ಸೋರಿಕೆ, ಉಳಿದಿದ್ದು ಬೋಟ್ ತಾನೇ ಹೀರ್ಕೊಂಡಿದ್ದು.

ಹಾಗಿದ್ರೆ ಬಲ ಹಲ್ ಯಾಕೆ ಹೀರಲ್ಲ, ಅದಕ್ಕೂ ಅದೇ ಬಿಸಿಲು ತಾನೇ? ಮಂಡಿಯೂರಿ ಕೂತು ಎರಡನ್ನೂ ಪಕ್ಕ ಪಕ್ಕ ಹೋಲಿಸಿ ನೋಡಿದೆ. ಬಲ ಹಲ್‌ನಲ್ಲಿ ಮುಂದಿನ ಕ್ರಾಸ್‌ಬಾರ್ (ಎರಡು ಹಲ್ ಜೋಡಿಸೋ ಅಡ್ಡ ಕೊಳವೆ) ಹತ್ರ, ಡೆಕ್ ಅಂಚಿನ ಕೆಳಗೆ, ಒಳಮೈಯಲ್ಲಿ ಬೆಂಕಿಕಡ್ಡಿ ಗಾತ್ರದ ಒಂದು ಪುಟ್ಟ ತೂತು. ಎಡ ಹಲ್‌ನಲ್ಲಿ ಅದೇ ಜಾಗದಲ್ಲಿ ಹಳದಿ ತಿರುಗಿದ ಸಿಲಿಕೋನ್ ಉಂಡೆ. ಅದು ಬೋಟ್ ಮಾಡುವಾಗಲೇ ಬಿಟ್ಟಿರೋ ಉಸಿರಾಟದ ತೂತು, ಗಾಳಿ ಒಳಗೆ ಹೊರಗೆ ಹೋಗ್ಲಿ ಅಂತಾನೇ ಇರೋದು. ಹಿಂದೆ ಯಾವಾಗ್ಲೋ ಪ್ಲಗ್ ಹತ್ರ ಸ್ವಲ್ಪ ಸೋರಿದೆ, ಸೋರಿಕೆ ಹುಡುಕ್ತಾ ಬಂದವರ ಕಣ್ಣಿಗೆ ಈ ತೂತು ಬಿದ್ದಿದೆ, ಮುಚ್ಚಿದ್ದಾರೆ. ಅಲ್ಲಿಗೆ ಲೋಟದ ಸೋರಿಕೆ ಬಕೆಟ್ ಆಯ್ತು. ನಿಮ್ಮ ಬೋಟ್ ಬೇರೆ ವರ್ಷದ್ದು, ಬೇರೆ ಮಾಡೆಲ್ ಆದ್ರೆ ತೂತು ಬೇರೆ ಜಾಗದಲ್ಲಿ ಇರ್ಬಹುದು, ಆದ್ರೆ ಎರಡು ಹಲ್ ಇರೋದರ ದೊಡ್ಡ ಅನುಕೂಲನೇ ಇದು, ಒಂದಕ್ಕೊಂದು ಹೋಲಿಸಿ ನೋಡಿ, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದು ಏನು ಅಂತ.

ಈ ತೂತು ಮುಚ್ಚೋದು ಬರೀ ನೀರಿನ ತೊಂದ್ರೆ ಅಲ್ಲ ಅನ್ನೋದನ್ನೂ ಹೇಳ್ಬೇಕು. ದಡದಲ್ಲಿ ಪ್ಲಗ್ ಹಾಕಿ ಬಿಸಿಲಲ್ಲಿ ಬಿಟ್ರೆ ಅದೇ 5 ಪರ್ಸೆಂಟ್ ಉಲ್ಟಾ ಕೆಲಸ ಮಾಡತ್ತೆ, ಪೂರ್ತಿ ಗಾಳಿಯಾಡದ ಹಲ್ ಆದ್ರೆ ಒಂದು ಚದರ ಮೀಟರ್ ಡೆಕ್ ಮೇಲೆ ಒಳಗಿಂದ ಹತ್ರ ಹತ್ರ 500 ಕೆ.ಜಿ. ಭಾರದಷ್ಟು ತಳ್ಳತ್ತೆ. ಇದರ ಡೆಕ್, ಹಲ್ ಎಲ್ಲಾ ತೆಳು ಫೈಬರ್‌ಗ್ಲಾಸ್ ಎರಡು ಪದರದ ಮಧ್ಯೆ ಫೋಮ್ ಇಟ್ಟು ಮಾಡಿರೋದು, ಸ್ಯಾಂಡ್‌ವಿಚ್ ಥರ. ದಿನಾ ಹಿಗ್ಗಿ ಕುಗ್ಗಿ ಆ ಪದರ ಬಿಟ್ಕೊಂಡ್ರೆ ಬೋಟಿನ ಆಯಸ್ಸೇ ಮುಗೀತು. ಅದಕ್ಕೆ ದಡಕ್ಕೆ ಬಂದ ತಕ್ಷಣ ಪ್ಲಗ್ ತೆಗೀರಿ, ಯಾವಾಗ್ಲೂ.

ನಿಜವಾದ ಸಂದಿ ಹುಡುಕೋದು

ಸಿಲಿಕೋನ್ ಉಂಡೆ ಕಿತ್ತು ತೂತು ಬಿಡಿಸಿದ್ದಾಯ್ತು. ಆ ಮುಕ್ಕಾಲು ಲೀಟರ್ ಇನ್ನೂ ಬಾಕಿ. ಇದಕ್ಕೆ ಸೋಪಿನ ನೀರಿನ ಪರೀಕ್ಷೆ. ಶಾಪ್ ವ್ಯಾಕ್ಯೂಮ್‌ನ ಗಾಳಿ ಊದೋ ಕಡೆಗೆ ಪೈಪ್ ಸಿಕ್ಕಿಸಿ, ಇನ್ಸ್‌ಪೆಕ್ಷನ್ ಪೋರ್ಟ್‌ಗೆ ಬಟ್ಟೆ ಸುತ್ತಿ ಸಡಿಲವಾಗಿ ಹಿಡೀರಿ, ಉಸಿರಾಟದ ತೂತಿಗೆ ಟೇಪ್ ಹಾಕಿ (ಆಮೇಲೆ ತೆಗೆಯೋಕೆ ಮರೀಬೇಡಿ, ಟೇಪ್‌ಗೆ ಒಂದು ಕೆಂಪು ದಾರ ಕಟ್ಟಿ ನೇತಾಡ್ಸಿ). ಪಾತ್ರೆ ತೊಳೆಯೋ ಸೋಪು ನೀರಲ್ಲಿ ಕಲಸಿ ಬ್ರಶ್‌ನಿಂದ ಎಲ್ಲಾ ಕಡೆ ಹಚ್ತಾ ಬನ್ನಿ, ಸಂದಿ ಇದ್ದಲ್ಲಿ ನೊರೆ ಉಬ್ಬತ್ತೆ. ಟೈರಿಗೆ ಗಾಳಿ ತುಂಬೋ ಕಂಪ್ರೆಸರ್ ಮಾತ್ರ ಯಾವತ್ತೂ ಹಾಕ್ಬೇಡಿ. ಮೇಲೆ ಹೇಳಿದ 500 ಕೆ.ಜಿ. ಲೆಕ್ಕ ನೆನಪಿಟ್ಕೊಳ್ಳಿ, ಕಂಪ್ರೆಸರ್ ಅದರ ಎಷ್ಟೋ ಪಟ್ಟು ಕ್ಷಣದಲ್ಲಿ ಕೊಡತ್ತೆ, ಡೆಕ್ ಹಲ್‌ನಿಂದ ಎದ್ದು ಬರತ್ತೆ.

ಒಂದೇ ಸಲ ಎಲ್ಲಾ ಕಡೆ ಸೋಪು ಬಳೀಬೇಡಿ. ಕೆಳಗಿನಿಂದ ಮೇಲಕ್ಕೆ, ಹಿಂದಿನಿಂದ ಮುಂದಕ್ಕೆ. ನಂಗೆ ನೊರೆ ಬಂದಿದ್ದು ಎರಡು ಕಡೆ. ಒಂದು, ಪ್ಲಗ್ ಅಲ್ಲ, ಪ್ಲಗ್ ಕೂರೋ ಪ್ಲಾಸ್ಟಿಕ್ ಬಳೆ ಟ್ರಾನ್ಸಂಗೆ (ಹಲ್‌ನ ಹಿಂದಿನ ಗೋಡೆ) ಅಂಟೋ ಜಾಗ. ಪ್ಲಗ್‌ನ ರಬ್ಬರ್ ವಾಶರ್ ಹಿಂದಿನ ವರ್ಷನೇ ಹೊಸದು ಹಾಕಿದ್ದೆ, ಹಾಗಾಗಿ ಅಲ್ಲಿ ಅನುಮಾನನೇ ಬಂದಿರ್ಲಿಲ್ಲ, ಆದ್ರೆ ಬಳೆಯ ಹಿಂದಿನ ಸೀಲಂಟ್ ಒಣಗಿ ಪುಡಿ ಆಗಿತ್ತು. ಎರಡು, ರಡರ್ (ಚುಕ್ಕಾಣಿ) ಹಿಡ್ಕೊಳ್ಳೋ, ಗಜನ್ ಅನ್ನೋ ಕೆಳಗಿನ ಕೊಂಡಿಯ ಒಂದು ಸ್ಕ್ರೂ. ರಡರ್ ಇಳಿಸಿದ ಹಾಗೇ ಮೂರಿಂಗ್‌ಗೆ ಕಟ್ಟಿದ್ರೆ ಪ್ರತಿ ಅಲೆಗೂ ಅದು ಆ ಕಡೆ ಈ ಕಡೆ ಹೊಡ್ಕೊಳ್ತಾ ಸ್ಕ್ರೂವನ್ನ ಅಲ್ಲಾಡ್ಸತ್ತೆ, ವರ್ಷಗಟ್ಟಲೆ ಹಾಗೆ ಮಾಡಿದ್ರೆ ತೂತು ಅಗಲ ಆಗ್ದೇ ಇರತ್ತಾ.

ರಿಪೇರಿ ದೊಡ್ಡದೇನಲ್ಲ. ಬಳೆಯ ರಿವೆಟ್ ಕೊರೆದು ತೆಗೆದು, ಹಳೇದೆಲ್ಲಾ ಕೆರೆದು, ಅಸಿಟೋನ್‌ನಲ್ಲಿ ಒರೆಸಿ, ಪಾಲಿಯೂರಿಥೇನ್ ಮರೀನ್ ಸೀಲಂಟ್ ಹಾಕಿ ಹೊಸ ಬಳೆ ಕೂರಿಸಿದೆ. ನಾನು ಹಾಕಿದ್ದು ತ್ರೀಎಂ 4200, ಮುಂದೆ ಬಿಚ್ಚೋಕೆ ಬರತ್ತೆ, 5200 ಹಾಕಿದ್ರೆ ಅದು ಶಾಶ್ವತ, ಬಿಚ್ಚೋಕೆ ಹೋದ್ರೆ ಫೈಬರ್‌ಗ್ಲಾಸ್ ಸಮೇತ ಬರತ್ತೆ. ಒಂದು ವಾರ ನೀರಿಗೆ ಇಳಿಸ್ಲಿಲ್ಲ. ಸಿಲಿಕೋನ್ ಮಾತ್ರ ಬೋಟ್ ಹತ್ರ ತರ್ಬೇಡಿ, ಅದು ಹಿಡಿಯೋದೂ ಅಷ್ಟಕ್ಕಷ್ಟೇ, ಒಮ್ಮೆ ಹಚ್ಚಿದ ಜಾಗದಲ್ಲಿ ಆಮೇಲೆ ಎಪಾಕ್ಸಿ ಆಗ್ಲಿ ಪೇಂಟ್ ಆಗ್ಲಿ ಅಂಟಲ್ಲ, ಚೆನ್ನಾಗಿ ಸ್ಯಾಂಡ್ ಮಾಡ್ಬೇಕು. ಸ್ಕ್ರೂ ತೂತನ್ನ ಸ್ವಲ್ಪ ದೊಡ್ಡದಾಗಿ ಕೊರೆದು, ಒಣಗಿಸಿ, ಮಂದ ಮಾಡಿದ ಎಪಾಕ್ಸಿ ಅಂಟು ತುಂಬಿ, ಗಟ್ಟಿಯಾದ ಮೇಲೆ ಅದರಲ್ಲೇ ಹೊಸದಾಗಿ ಸರಿ ಗಾತ್ರದ ತೂತು ಕೊರೆದು ಸೀಲಂಟ್ ಜೊತೆ ಸ್ಕ್ರೂ ಹಾಕಿದೆ. ಬರೀ ದಪ್ಪ ಸ್ಕ್ರೂ ಹಾಕಿ ಬಿಗಿ ಮಾಡಿದ್ರೆ ಅದೂ ಒಂದೆರಡು ವರ್ಷ ಅಷ್ಟೇ.

ನಿಮ್ಮ ಬೋಟ್‌ನಲ್ಲಿ ಬೇರೆ ಏನಿರ್ಬಹುದು

ರಾತ್ರಿ ಹಗಲು ವ್ಯತ್ಯಾಸ ಇಲ್ಲದೆ ಒಂದೇ ಸಮ ನೀರು ಬರ್ತಿದ್ರೆ ತಳ ನೋಡಿ. ಬೋಟ್ ಮಗುಚಿ ಹಾಕಿ ಕೆಳ ಅಂಚಲ್ಲಿ ಬಿಳಿ ಜೆಲ್‌ಕೋಟ್ (ಹೊರಗಿನ ನುಣುಪು ಪದರ) ಸವೆದು ಗಾಜಿನ ನಾರು ಕಾಣ್ತಿದ್ಯಾ ನೋಡಿ. ಕಾಣ್ತಿದ್ರೆ ಹೊಸ ಗ್ಲಾಸ್ ಪದರ ಹಾಕ್ಲೇಬೇಕು.

ಎಲ್ಲಕ್ಕಿಂತ ಮುಂಚೆ, ಸೀಲಂಟ್‌ಗೆ ಒಂದು ಡಾಲರ್ ಖರ್ಚು ಮಾಡೋಕೂ ಮುಂಚೆ, ಡೆಕ್ ತಟ್ಟಿ ನೋಡಿ. ಒಂದು ನಾಣ್ಯ ತಗೊಂಡು ಮೂತಿಯಿಂದ ಹಿಂದಿನವರೆಗೆ ತಟ್ತಾ ಬನ್ನಿ, ಸಂತೇಲಿ ಮಡಕೆ ತಗೊಳ್ಳುವಾಗ ತಟ್ಟಿ ನೋಡ್ತಾರಲ್ಲ ಹಾಗೆ. ಟಣ್ ಟಣ್ ಅಂದ್ರೆ ಗಟ್ಟಿ, ದಬ್ ದಬ್ ಅಂದ್ರೆ ಒಳಗೆ ಪದರ ಬಿಟ್ಕೊಂಡಿದೆ. ಹೆಬ್ಬೆರಳಲ್ಲಿ ಒತ್ತಿದ್ರೆ ಮೆತ್ತಗೆ ಒಳಗೆ ಹೋಗತ್ತೆ. ಮುಂದಿನ ಪೈಲಾನ್ ಮುಂದುಗಡೆ ಡೆಕ್ ಮತ್ತು ಪಕ್ಕದ ಗೋಡೆ, ಅಲ್ಲೇ ಜಾಸ್ತಿ ಬರೋದು. ಅಂಗೈ ಅಗಲ ಇದ್ರೆ ಇಂಚಿಗೊಂದರಂತೆ ಸಣ್ಣ ತೂತು ಕೊರೆದು ತೆಳು ಎಪಾಕ್ಸಿ ಸಿರಿಂಜ್‌ನಲ್ಲಿ ಬಿಟ್ಟು ಸರಿ ಮಾಡ್ಬಹುದು, ಹಲ್ ಒಳಗೆ ಪೂರ್ತಿ ಒಣಗಿರ್ಬೇಕು. ಮೊಣಕೈ ಉದ್ದ ಮೆತ್ತಗಿದ್ರೆ, ಅದರಲ್ಲೂ ಪೈಲಾನ್ ಸುತ್ತ ಇದ್ರೆ, ಬೇಜಾರಾದ್ರೂ ಆ ಹಲ್ ಬಿಟ್ಬಿಡಿ. ಬೇರೆ ಹಳೇ ಬೋಟಿನ ಹಲ್ ಹುಡುಕಿ. ಜೋರು ಗಾಳಿಯಲ್ಲಿ ದಡದಿಂದ ಎರಡು ಮೈಲಿ ದೂರದಲ್ಲಿ ಅದು ಮುರಿದ್ರೆ ಜೊತೆಗಿರೋದು ನಿಮ್ಮ ಮಕ್ಕಳು.

ಮಾಸ್ಟ್ ಒಳಗೂ ನೀರು ಹೋಗತ್ತೆ, ಇದನ್ನ ಯಾರೂ ನೋಡಲ್ಲ. ಮಾಸ್ಟ್ ಗಾಳಿ ತುಂಬಿದ ಸೀಲ್ ಆದ ಕೊಳವೆ ಆಗಿದ್ರೆ ಬೋಟ್ ಮಗುಚಿದಾಗ ಪಕ್ಕಕ್ಕೆ ತೇಲ್ತಾ ನಿಲ್ಲತ್ತೆ, ಎತ್ತೋಕೆ ಬರತ್ತೆ. ಒಳಗೆ ನೀರು ತುಂಬಿದ್ರೆ ಪೂರ್ತಿ ತಲೆಕೆಳಗಾಗತ್ತೆ. ಹೌಟನ್ ಲೇಕ್ ಮಿಶಿಗನ್‌ನ ಒಳನಾಡ ಕೆರೆಗಳಲ್ಲೇ ದೊಡ್ಡದು, ಆದ್ರೆ ಆಳ ಇಲ್ಲ, ಸರಾಸರಿ ಎರಡೂವರೆ ಮೀಟರ್ ಆಸುಪಾಸು, ನಮ್ಮ ಮಾಸ್ಟ್ 8 ಮೀಟರ್, ತಲೆಕೆಳಗಾಗೋಕೂ ಮುಂಚೆ ತುದಿ ಕೆಸರಲ್ಲಿ ಸಿಕ್ಕೊಳ್ಳತ್ತೆ, ಎಳೆದು ಬಿಡಿಸೋಕೆ ಹೋದ್ರೆ ಮಾಸ್ಟ್ ಬಾಗತ್ತೆ. ಬಿಚ್ಚಿ ಒಂದು ಕಡೆ ಎತ್ತಿ ಇನ್ನೊಂದು ಕಡೆ ಇಳಿಸಿ ಕಿವಿ ಕೊಟ್ಟು ಕೇಳಿ, ಗುಳುಗುಳು ಅಂದ್ರೆ ಬುಡದ ಮತ್ತು ತುದಿಯ ಸೀಲ್, ರಿವೆಟ್‌ಗಳು ಎಲ್ಲಾ ನೋಡ್ಬೇಕು. ಹಾಗೇ, ಹಳೇ ಬೋಟ್‌ಗಳ ಮಾಸ್ಟ್ ಪೂರ್ತಿ ಅಲ್ಯೂಮಿನಿಯಂ. ಕರೆಂಟ್ ತಂತಿಗೆ ತಾಗಿ ಜನ ಸತ್ತ ಮೇಲೆ 1980ರ ದಶಕದಲ್ಲಿ ಮೇಲಿನ ಭಾಗಕ್ಕೆ ಕರೆಂಟ್ ಹರಿಯದ ಕಾಂಪ್‌ಟಿಪ್ ಬಂತು. ಮಾಸ್ಟ್ ನಿಲ್ಲಿಸಿ ಬೋಟ್ ತಳ್ಕೊಂಡು ಹೋಗುವಾಗ ಮೊದ್ಲು ತಲೆ ಎತ್ತಿ ತಂತಿ ನೋಡಿ.

ಮೂರಿಂಗ್ ಕಟ್ಟೋದು

ನೇರವಾಗಿ ಹೇಳ್ತೀನಿ, ಇದು ದಡದಲ್ಲಿ ಇರ್ಬೇಕಾದ ಬೋಟ್. ಇದರ ಜೆಲ್‌ಕೋಟ್ ವಾರಗಟ್ಟಲೆ ನೀರಲ್ಲಿ ನೆನೆಯೋಕೆ ಮಾಡಿರೋದಲ್ಲ, ಬ್ಯಾರಿಯರ್ ಕೋಟ್ (ನೀರು ಇಳಿಯದ ಹಾಗೆ ಬಳಿಯೋ ಪದರ) ಇಲ್ದೇ ಬಿಟ್ರೆ ಬೊಬ್ಬೆ ಏಳತ್ತೆ. ನಾನು ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಮಾತ್ರ ಬಿಡ್ತೀನಿ, ಆಮೇಲೆ ಮರಳಿನ ಮೇಲೆ, ಪ್ಲಗ್ ತೆಗೆದು.

ಕಟ್ಟುವಾಗ ಒಂದೇ ಹಲ್‌ನ ಮೂತಿಗೆ ಹಗ್ಗ ಹಾಕಿದ್ರೆ ಬೋಟ್ ರಾತ್ರಿಯೆಲ್ಲಾ ಆ ಕಡೆ ಈ ಕಡೆ ಓಡಾಡತ್ತೆ, ಕಟ್ಟಿಹಾಕಿದ ಕರುವಿನ ಥರ. ಎರಡೂ ಮೂತಿಯಿಂದ ಹಗ್ಗದ ಒಂದೊಂದು ಕಾಲು, ಇಂಗ್ಲಿಷ್ ವಿ ಆಕಾರದಲ್ಲಿ, ಒಂದೊಂದು ಕಾಲು ಬೋಟಿನ ಅಗಲಕ್ಕಿಂತ ಕಮ್ಮಿ ಇರ್ಬಾರ್ದು, ಅಂದ್ರೆ ಎರಡೂವರೆ ಮೀಟರ್. ಸೇರೋ ಕಡೆ ಒಂದು ಸ್ವಿವೆಲ್ (ತಿರುಗೋ ಕೊಂಡಿ), ಇಲ್ಲಾಂದ್ರೆ ಬೋಟ್ ಸುತ್ತಿ ಸುತ್ತಿ ಹಗ್ಗ ಜಡೆ ಹೆಣೆದ ಹಾಗೆ ಆಗತ್ತೆ. ಹಗ್ಗ ಉಜ್ಜೋ ಕಡೆ ಹಳೇ ಗಾರ್ಡನ್ ಪೈಪ್ ತುಂಡು ಸೀಳಿ ಹಾಕಿ. ರಡರ್ ಮೇಲೆತ್ತಿ ಕಟ್ಟಿ, ಸೇಲ್ ಎರಡೂ ಬಿಚ್ಚಿ ಮನೆಗೆ ತನ್ನಿ.

ಕೆಳಗಿನ ಭಾರಕ್ಕೆ ಹೆಚ್ಚಿನವರು ಕಾಂಕ್ರೀಟ್ ಬ್ಲಾಕ್ ಹಾಕ್ತಾರೆ, ಅದರಲ್ಲೊಂದು ಮೋಸ ಇದೆ. 100 ಕೆ.ಜಿ. ಕಾಂಕ್ರೀಟ್ ನೀರಲ್ಲಿ ಮುಳುಗಿದ್ರೆ ತೂಗೋದು 58 ಕೆ.ಜಿ. ಅಷ್ಟೇ, 100 ಕೆ.ಜಿ. ಕಬ್ಬಿಣ ಆದ್ರೆ 87. ಕೆಸರಿನ ತಳ ಇದ್ರೆ ಅಣಬೆ ಆಕಾರದ ಮಶ್ರೂಮ್ ಆಂಕರ್ ನಿಧಾನ ಹೂತ್ಕೊಂಡು ಗಟ್ಟಿ ಆಗತ್ತೆ, ಬರೀ ಮರಳಿದ್ರೆ ಅಷ್ಟು ಹೂಳಲ್ಲ. ಸರಪಳಿ ಹಗ್ಗ ಎಲ್ಲಾ ಸೇರಿ ನೀರಿನ ಆಳದ ಮೂರು ಪಟ್ಟಾದ್ರೂ ಇರ್ಲಿ, ಮತ್ತೆ ಬೋಟ್ ಸುತ್ತೋ ಆ ವೃತ್ತದೊಳಗೆ ಪಕ್ಕದ ಮನೆಯವರ ಡಾಕ್ ಬರ್ದೇ ಇರೋ ಹಾಗೆ ನೋಡ್ಕೊಳ್ಳಿ.

ಈ ಬೋಟಿನ ಶ್ರೌಡ್ ತಂತಿಗಳು ಸೇಲ್ ಇಲ್ಲದಾಗ ಸಡಿಲ ಇರತ್ತೆ, ಅಲೆಗೆ ಮಾಸ್ಟ್ ಟಕ ಟಕ ಅಂತ ಅಲ್ಲಾಡ್ತಾ ಪಿನ್‌ಗಳನ್ನ ಸವೆಸತ್ತೆ. ಜಿಬ್ ಹ್ಯಾಲ್ಯಾರ್ಡನ್ನ (ಮುಂದಿನ ಸಣ್ಣ ಹಾಯಿ ಏರಿಸೋ ಹಗ್ಗ) ಮುಂದಿನ ಬ್ರೈಡಲ್‌ಗೆ (ಎರಡು ಮೂತಿಯಿಂದ ಬಂದು ಸೇರೋ ತಂತಿ) ಸಿಕ್ಕಿಸಿ ಬಿಗಿ ಮಾಡಿ ಬಿಡಿ, ಸದ್ದೂ ನಿಲ್ಲತ್ತೆ. ತಂತಿ ಮೇಲೆ ಹತ್ತಿ ಬಟ್ಟೆ ಸವರಿ, ಎಲ್ಲಾದ್ರೂ ಎಳೆ ಕಿತ್ತಿದ್ರೆ ಬಟ್ಟೆ ಸಿಕ್ಕೊಳ್ಳತ್ತೆ, ಆ ತಂತಿ ಅವತ್ತೇ ಬದಲಾಯಿಸಿ.

ಗುಡುಗು ಮಳೆ ಮುನ್ಸೂಚನೆ ಇದ್ರೆ ಮೂರಿಂಗ್ ನಂಬ್ಬೇಡಿ. 145 ಕೆ.ಜಿ. ಬೋಟು, ಮಧ್ಯದಲ್ಲಿ ಮಂಚದಷ್ಟು ದೊಡ್ಡ ಟ್ರ್ಯಾಂಪೊಲಿನ್, ಗಾಳಿ ಕೆಳಗಿಂದ ನುಗ್ಗಿದ್ರೆ ಎತ್ತಿ ಎಸೆಯತ್ತೆ. ದಡಕ್ಕೆ ತಂದು ನೆಲಕ್ಕೆ ತಿರುಪೋ ಆಂಕರ್‌ಗೆ ಎರಡೂ ಕಡೆ ಕಟ್ಟಿ.

ಚಳಿಗಾಲಕ್ಕೆ ಅಕ್ಟೋಬರ್‌ನಲ್ಲೇ ಬೋಟು ಬೂಯಿ ಎರಡನ್ನೂ ತೆಗೀತೀನಿ. ಈ ಕೆರೆ ಜನವರಿಯಲ್ಲಿ ಮೇಲೆ ಜಾತ್ರೆ ನಡೆಸೋಷ್ಟು ಹೆಪ್ಪುಗಟ್ಟತ್ತೆ, ಟಿಪ್ ಅಪ್ ಟೌನ್ ಅಂತ ಕರೀತಾರೆ. ಹಲ್ ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದ್ರೆ ಒಳ್ಳೇ ಜಾಯಿಂಟೂ ಬಿಟ್ಕೊಳ್ಳತ್ತೆ, ಅದಕ್ಕೆ ಹಿಂಭಾಗ ಇಳಿಜಾರು ಮಾಡಿ ಪ್ಲಗ್ ಇಲ್ದೇ ಇಡ್ಬೇಕು. ಹೇಗಿದ್ರೂ ಟ್ರೇಲರ್ ಮೇಲೆ ರಸ್ತೆಗೆ ಇಳಿಯೋಕೂ ಮುಂಚೆ ಪ್ಲಗ್ ತೆಗೆದು ನೀರು ಪೂರ್ತಿ ಖಾಲಿ ಮಾಡ್ಬೇಕು ಅಂತ ಮಿಶಿಗನ್‌ನಲ್ಲಿ 2019ರಿಂದ ಕಾನೂನೇ ಇದೆ, ಜೀಬ್ರಾ ಮಸಲ್ ಥರದ ಹೊರಗಿನ ಜೀವಿಗಳು ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗ್ಬಾರ್ದು ಅಂತ.

ರಿಪೇರಿ ಆದ ಮೇಲೆ ಸತತ ನಾಕು ವೀಕೆಂಡ್ ಅದೇ ಥರ ರಾತ್ರಿಯಿಡೀ ಬಿಟ್ಟು ಅಳೆದೆ. ಎಡಗಡೆ ಕಾಲು ಲೋಟ, ಬಲಗಡೆ ಅರ್ಧ ಲೋಟ. ಬಲಗಡೆ ಈಗ ಎಡಕ್ಕಿಂತ ಜಾಸ್ತಿ ಆಗಿದೆ, ಅದರ ಪ್ಲಗ್ ಬಳೆಯೂ ಅಷ್ಟೇ ಹಳೇದು, ಹೊಸ ಬಳೆ ತಂದು ಶೆಡ್‌ನಲ್ಲಿ ಇಟ್ಟಿದ್ದೀನಿ, ಮೇ ತಿಂಗಳಲ್ಲಿ ಸ್ವಲ್ಪ ಬೆಚ್ಚಗಾದ ಮೇಲೆ ಹಾಕ್ಬೇಕು.